ಬೂದಿ ಬಣ್ಣದ ಕೋಟಿನ ಎಂಟು ಕಾಜಾ

ಒದ್ದೆ ಉಣ್ಣೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಒಂದು ವಾಸನೆ ಬರುತ್ತದೆ. ಮಳೆಯಲ್ಲಿ ನೆಂದ ಕುರಿಯನ್ನು ಒಲೆಯ ಪಕ್ಕ ಕಟ್ಟಿದ ಹಾಗೆ. ಹೋದ ವಾರ ಒಬ್ಬ ಹೊಸ ಗಿರಾಕಿ ನೀಲಿ ಉಣ್ಣೆಯ ದಪ್ಪ ಕೋಟೊಂದನ್ನು ತಂದು ನನ್ನ ಮೇಜಿನ ಮೇಲೆ ಹಾಕಿದ. ಗುಡುಗು ಮಳೆಯಲ್ಲಿ ನೆಂದುಹೋಗಿದೆ, ಭಾನುವಾರದೊಳಗೆ ಪ್ರೆಸ್ ಆಗಬೇಕು ಎಂದ. ಇಸ್ತ್ರಿ ಇಟ್ಟೆ, ಹಬೆ ಎದ್ದಿತು, ಅದರ ಜೊತೆಗೇ ಒಂಬತ್ತು ವರ್ಷದ ಹಿಂದಿನ ಒಂದು ಬೇಸಿಗೆಯೂ ಎದ್ದು ಬಂತು. ಹಳೆಯದು ನೆನಪಾದರೆ ಕಣ್ಣು ತೇವವಾಗುತ್ತದೆ ಅನ್ನುತ್ತಾರೆ ಜನ. ನನಗೆ ಸಿಟ್ಟು ಬರುತ್ತದೆ. ಅವತ್ತೂ ಬಂದಿತ್ತು, ಇವತ್ತಿಗೂ ಇಳಿದಿಲ್ಲ.

ನನ್ನ ಅಂಗಡಿ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಬ್ರಿಡ್ಜ್‌ವಾಟರಿನಿಂದ ಪಿಸ್ಕಾಟವೇ ಕಡೆಗೆ ಹೋಗುವ ದಾರಿಯ ಒಂದು ಸ್ಟ್ರಿಪ್ ಮಾಲ್‌ನಲ್ಲಿ, ಪಿಜ್ಜಾ ಅಂಗಡಿಗೂ ಬಟ್ಟೆ ಒಗೆಯುವ ಲಾಂಡ್ರೊಮ್ಯಾಟಿಗೂ ನಡುವೆ. ದೇವಸ್ಥಾನಕ್ಕೆ ಹೋಗುವ ಹೆಂಗಸರ ಬ್ಲೌಸು, ಆಫೀಸಿಗೆ ಹೋಗುವ ಗಂಡಸರ ಪ್ಯಾಂಟು, ಶಾಲೆಯ ಕೊನೆಯ ಕುಣಿತ ಪ್ರಾಮ್‌ಗೆ ಹೋಗುವ ಹುಡುಗಿಯರ ಗೌನು, ಎಲ್ಲವನ್ನೂ ಉದ್ದ ಗಿಡ್ಡ ಮಾಡುವುದೇ ಕೆಲಸ. ಆದರೆ ನಾನು ಕಲಿತ ವಿದ್ಯೆ ಬೇರೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮ ಅಬ್ಬಾ ಯೂನಿಫಾರ್ಮ್ ದರ್ಜಿ. ಪೊಲೀಸರಿಗೆ, ಮದುವೆ ಬ್ಯಾಂಡಿನವರಿಗೆ, ಹೋಟೆಲ್ ಬಾಗಿಲಲ್ಲಿ ಸಲಾಮು ಹೊಡೆಯುವವರಿಗೆ ಅವರೇ ಹೊಲಿಯಬೇಕು. ಗಂಡು ಮಕ್ಕಳಿಗೆ ಸೂಜಿ ಹಿಡಿಯುವ ತಾಳ್ಮೆ ಇಲ್ಲವೆಂದು ನನಗೇ ಕಲಿಸಿದರು. ಜೊತೆಗೆ ಒಂದು ಮಾತನ್ನೂ ಕಲಿಸಿದರು: "ಯೂನಿಫಾರ್ಮ್ ಹೊಲಿಯೋರು ಅಳತೆ ಕೇಳಬೇಕು ಜುಬೇದಾ, ಕಾರಣ ಕೇಳಬಾರದು." ನಾನು ಅದನ್ನು ವೇದವಾಕ್ಯದಂತೆ ಪಾಲಿಸಿದೆ. ಅದೇ ನನ್ನ ತಪ್ಪು.

ಆ ವರ್ಷ ಮೇ ತಿಂಗಳಲ್ಲಿ ಮಿಸ್ಟರ್ ಹಾರ್ಲನ್ ಬಂದರು. ಔಷಧಿ ಕಂಪನಿಯೊಂದರಿಂದ ನಿವೃತ್ತರಾದವರು, ಎತ್ತರದ ಆಳು, ಬಿಳಿ ಗಡ್ಡ, ಬಾಯಿ ತೆರೆದರೆ 'ಮ್ಯಾಮ್' ಬಿಟ್ಟು ಮಾತಿಲ್ಲ. ಈ ದೇಶದಲ್ಲಿ ಹಳೆಯ ಸಿವಿಲ್ ವಾರ್ ಅನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುವ ಗುಂಪುಗಳಿವೆ. ಅಂಥದ್ದೊಂದರಲ್ಲಿ ಅವರು ಜನರಲ್. ಬರೀ ವೇಷ ಸಾಲದು, ನೂರೈವತ್ತು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇರಬೇಕು: ಉಣ್ಣೆ ಅದೇ, ದಾರ ಅದೇ, ಕಾಜಾ ಮೆಷಿನ್‌ನದ್ದಲ್ಲ, ಕೈಯದ್ದು. ಇನ್ನೊಬ್ಬರ ಕೋಟಿನ ಕಾಜಾ ಹಿಡಿದು ಹೊಲಿಗೆ ಎಣಿಸುವ ಮಂದಿ ಅವರಲ್ಲಿದ್ದಾರಂತೆ, ಅವರಿಗೆ 'ಹೊಲಿಗೆ ಎಣಿಸುವವರು' ಎಂದೇ ಅಡ್ಡಹೆಸರು. ಅಬ್ಬಾ ಇದ್ದಿದ್ದರೆ ಅಂಥವರನ್ನು ಅಪ್ಪಿಕೊಳ್ಳುತ್ತಿದ್ದರು.

ಕೈ ಕಾಜಾ ಅಂದರೆ ನನ್ನ ಅಂಗಡಿಯಲ್ಲಿ ಮಿಸ್ ರೂತ್. ಗುಂಡಿ ತೂರಿಸುವ ಸೀಳಿನ ಸುತ್ತ ದಾರದ ಗಂಟನ್ನು ಸಾಲಾಗಿ ಕೂರಿಸುವ ಆ ಕೆಲಸದಲ್ಲಿ ಅವರ ಕೈಗೆ ಸಮ ನಾನು ಎಲ್ಲೂ ನೋಡಿಲ್ಲ, ಅಬ್ಬಾರ ಕೈಯೂ ಸೇರಿ. ಅರವತ್ತೆಂಟು ವಯಸ್ಸಿನ ಕರಿಯ ಹೆಂಗಸು, ಹತ್ತಿರದ ಪ್ಲೇನ್‌ಫೀಲ್ಡ್‌ನವರು. ಮಂಗಳವಾರ, ಗುರುವಾರ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಮೊದಲ ದಿನ ನಾನು ನಮ್ಮವರ ರೂಢಿಯಂತೆ 'ಆಂಟಿ' ಎಂದಿದ್ದೆ. ಅವರು ಸೂಜಿ ಕೆಳಗಿಟ್ಟು, ಮಿಸ್ ರೂತ್ ಅಂದರೆ ಸಾಕು ಎಂದಿದ್ದರು. ಯಾಕೆ ಎಂದು ಕೇಳಲಿಲ್ಲ. ಹನ್ನೊಂದು ವರ್ಷ ಪಕ್ಕಪಕ್ಕ ಕೂತೆವು. ನನಗೆ ಹಿಮದಲ್ಲಿ ಡ್ರೈವ್ ಮಾಡುವುದನ್ನು ಕಲಿಸಿದ್ದು ಅವರು. ನನ್ನ ಗಂಡನಿಗೆ ಆಪರೇಷನ್ ಆದಾಗ ಎರಡು ವಾರ ಅಂಗಡಿ ನಡೆಸಿದ್ದೂ ಅವರೇ.

ಹಾರ್ಲನ್ ಮೊದಲು ಹೊಲಿಸಿದ್ದು ನೀಲಿ ಕೋಟು, ಮೆಕ್ಲೆಲನ್ ಎಂಬ ಜನರಲ್‌ನದು. ಈತ ಆಮೇಲೆ ನಮ್ಮ ನ್ಯೂಜೆರ್ಸಿಗೇ ಗವರ್ನರ್ ಆದನಂತೆ. ಸೈನ್ಯಕ್ಕೆ ಕವಾಯತು ಮಾಡಿಸುವುದರಲ್ಲಿ ನಿಸ್ಸೀಮ, ಯುದ್ಧಕ್ಕೆ ಮಾತ್ರ ಹೊರಡುವವನಲ್ಲ. ಆಂಟೀಟಮ್ ಎಂಬ ಹೊಳೆಯ ದಂಡೆಯಲ್ಲಿ ಒಂದೇ ದಿನದಲ್ಲಿ ಸಾವಿರಾರು ಜನ ಸತ್ತ ಮೇಲೂ ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗದೆ ಕೂತನಂತೆ. ನನಗೆ ಅಂಥವರು ಗೊತ್ತು. ಟ್ರಯಲ್ ಮೇಲೆ ಟ್ರಯಲ್ ನೋಡಿ ಕೊನೆಗೆ ಬಟ್ಟೆ ಒಯ್ಯದ ಗಿರಾಕಿಗಳು. ಹಾರ್ಲನ್‌ಗೆ ಹಾಗೆಂದಾಗ ಬಿದ್ದು ಬಿದ್ದು ನಕ್ಕರು.

ನಾನು ಆ ಯುದ್ಧವನ್ನು ಕಲಿತದ್ದು ಗುಂಡಿಗಳಿಂದ. ಗುಂಡಿ ಮೂರು ಮೂರಾಗಿ ಜೋಡಿಸಿದ್ದರೆ ಮೇಜರ್ ಜನರಲ್, ಎರಡೆರಡಾಗಿದ್ದರೆ ಬ್ರಿಗೇಡಿಯರ್. ಹಾರ್ಲನ್ ತರುತ್ತಿದ್ದ ಹಳೆಯ ಫೋಟೋಗಳನ್ನು ಗೋಡೆಗೆ ಅಂಟಿಸಿಕೊಂಡು ಹೊಲಿಯುತ್ತಿದ್ದೆ. ಫ್ರೆಡರಿಕ್ಸ್‌ಬರ್ಗ್, ಚಾನ್ಸಲರ್ಸ್‌ವಿಲ್, ಗೆಟ್ಟಿಸ್‌ಬರ್ಗ್ ಎಂದು ಅವರು ಕಥೆ ಹೇಳುತ್ತಿದ್ದರೆ ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಹೂಂಗುಟ್ಟುತ್ತಿದ್ದೆ. ನಾವು ಗುಡ್ಡ ಹತ್ತಿದೆವು, ನಮ್ಮ ಹುಡುಗರು ಗೋಡೆ ಹಾರಿದರು ಎನ್ನುವರು. ಅವರ ಎಲ್ಲ ಕಥೆಗಳಲ್ಲೂ 'ನಾವು' ಇರುತ್ತಿದ್ದೆವು.

ಜುಲೈ ಬಂತು. ಹಸಿ ಬಟ್ಟೆ ಮುಖಕ್ಕೆ ಸುತ್ತಿದಂಥ ಸೆಕೆ. ಪಿಜ್ಜಾ ಅಂಗಡಿಯ ಒಲೆ ಗೋಡೆಯ ಆಚೆ ಉರಿಯುತ್ತಿತ್ತು, ನಮ್ಮ ಏಸಿ ಕೆಟ್ಟು ಕೂತಿತ್ತು. ಅಂಥದ್ದರಲ್ಲಿ ಹಾರ್ಲನ್ ಎರಡನೆಯ ಬಟ್ಟೆ ತಂದರು: ಬೂದಿ ಬಣ್ಣದ ಉಣ್ಣೆ. ಎಂಟು ಗುಂಡಿ, ಎರಡೆರಡಾಗಿ. ತೋಳಿನ ಮೇಲೆ ಬಳ್ಳಿಬಳ್ಳಿಯಾಗಿ ಚಿನ್ನದ ಲೇಸು. ಸೆಪ್ಟೆಂಬರ್‌ನಲ್ಲಿ ದೊಡ್ಡ ಕಾರ್ಯಕ್ರಮ, ಪೀಟರ್ಸ್‌ಬರ್ಗ್ ಕದನ ಆಡುತ್ತೇವೆ, ಅದಕ್ಕೆ ಬೇಕು ಎಂದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮೈಸೂರಿನಲ್ಲಿ ಪೊಲೀಸರಿಗೆ ದಿನದ ಖಾಕಿ ಬೇರೆ, ಪೆರೇಡಿನ ಬಿಳಿ ಬೇರೆ. ಇಲ್ಲೂ ಹಾಗೇ, ನೀಲಿ ನಿತ್ಯದ್ದು, ಜರಿ ಇರುವುದು ಹಬ್ಬದ್ದು ಎಂದುಕೊಂಡೆ. ಗೋಡೆಯ ಮೇಲಿನ ಫೋಟೋಗಳನ್ನು ನೋಡಿದರೆ ಎಲ್ಲ ಕೋಟೂ ಬೂದಿ ಬಣ್ಣವೇ, ಆ ಕಾಲದ ಫೋಟೋಗೆ ಬಣ್ಣ ಎಲ್ಲಿಂದ ಬರಬೇಕು? ಸಿಟಿಜನ್‌ಶಿಪ್ ಪರೀಕ್ಷೆಯಲ್ಲಿ, ಉತ್ತರ ದಕ್ಷಿಣದ ನಡುವೆ ನಡೆದ ಯುದ್ಧ ಯಾವುದು ಎಂದು ಕೇಳಿದ್ದಕ್ಕೆ ಬಾಯಿಪಾಠ ಒಪ್ಪಿಸಿ ಪಾಸಾಗಿದ್ದೆ. ಯಾರ ಕೋಟು ಯಾವ ಬಣ್ಣ ಎಂದು ಆ ಆಫೀಸರ್ ಕೇಳಲಿಲ್ಲ.

ಲೇಸಿಗಾಗಿ ಒಂದು ಭಾನುವಾರ, ನಮ್ಮವರ ಅಂಗಡಿಗಳು ಸಾಲಾಗಿರುವ ಜ್ಯಾಕ್ಸನ್ ಹೈಟ್ಸ್‌ಗೆ ಹೋದೆ. ಎಪ್ಪತ್ನಾಲ್ಕನೇ ಬೀದಿಯ ಸೀರೆ ಅಂಗಡಿಯಲ್ಲಿ ಮದುಮಗಳ ಲೆಹೆಂಗಾದ ಅಂಚಿಗೆ ಹಾಕುವ ಜರಿ ಲೇಸು ಸರಿಯಾಗಿ ಹೊಂದಿತು. ಅದನ್ನು ತಂದು ಮಿಸ್ ರೂತ್‌ಗೆ ಹೆಮ್ಮೆಯಿಂದ ತೋರಿಸಿದೆ. ಅವರು ಬೆರಳಲ್ಲಿ ಸವರಿ ನೋಡಿ ಮೇಜಿನ ಮೇಲಿಟ್ಟರು. ಕೋಟಿನ ಮುಂಭಾಗವನ್ನು ಅವರ ತೊಡೆಯ ಮೇಲಿಟ್ಟು, ಎಂಟು ಕಾಜಾ, ನಿಮ್ಮ ಕೈಯದ್ದೇ ಬೇಕಂತೆ ಎಂದೆ. ಅವರು ಕತ್ತರಿ ತೆಗೆದುಕೊಂಡರು. ಸೀಳು ಕತ್ತರಿಸಿ, ದಾರಕ್ಕೆ ಮೇಣ ಹಚ್ಚಿ ಶುರು ಮಾಡಿದರು. ದಿನಕ್ಕೆ ಒಂದೇ ಒಂದು ಮಾಡುತ್ತಿದ್ದರು. ಸೆಕೆಗೆ ಕೈ ಬೆವರುತ್ತದೆ, ಅದಕ್ಕೇ ನಿಧಾನ ಎಂದು ನಾನೇ ಸಮಾಧಾನ ಹೇಳಿಕೊಂಡೆ.

ನಡುವೆ ಎರಡು ಸಲ ಹಾರ್ಲನ್ ಟ್ರಯಲ್‌ಗೆ ಬಂದರು. ಪೀಟರ್ಸ್‌ಬರ್ಗ್‌ನ ಕಥೆ ಹೇಳಿದರು. ನೆಲದಡಿ ಸುರಂಗ ಕೊರೆದು ಮದ್ದು ತುಂಬಿ ಹಾರಿಸಿದ್ದು, ಕೆರೆಯಂಥ ಹಳ್ಳ ಬಿದ್ದದ್ದು, ಆ ಹಳ್ಳದೊಳಗೆ ಸೈನಿಕರು ಸಿಕ್ಕಿಹಾಕಿಕೊಂಡದ್ದು. ನಾವು ಮೇಲಿನಿಂದ ನುಗ್ಗಿದೆವು, ಅಂಥ ಪ್ರತಿದಾಳಿ ಮತ್ತೊಂದಿಲ್ಲ ಎಂದು ತೋಳು ಚಾಚಿ ತೋರಿಸಿದರು. ಜರಿ ಲೇಸು ಮಿನುಗಿತು. ಕಿಟಕಿ ಪಕ್ಕ ಮಿಸ್ ರೂತ್ ಸೂಜಿಗೆ ದಾರ ಪೋಣಿಸುತ್ತಿದ್ದರು, ತಲೆ ಎತ್ತಲಿಲ್ಲ.

ತಿಂಗಳ ಕೊನೆಯ ಶನಿವಾರ ನನ್ನ ಮಗಳು ಸನಾ ಅಂಗಡಿಗೆ ಬಂದಳು. ಹನ್ನೊಂದನೇ ಗ್ರೇಡ್ ಮುಗಿಸಿದ್ದಳು, ಅಮೆರಿಕದ ಇತಿಹಾಸ ಅರೆದು ಕುಡಿದಿದ್ದಳು. ಬೊಂಬೆಯ ಮೇಲಿದ್ದ ಕೋಟನ್ನು ನೋಡಿ ನಿಂತಲ್ಲೇ ನಿಂತಳು.

"ಅಮ್ಮೀ, ಡು ಯು ಈವನ್ ನೋ ವಾಟ್ ದಿಸ್ ಈಸ್?"

"ಹಾರ್ಲನ್ ಅವರ ಪೆರೇಡ್ ಕೋಟು. ಪೊಲೀಸ್ನೋರಿಗೆ ಎರಡು ಥರ ಇರಲ್ವಾ, ಹಂಗೆ."

ಅವಳು ಕಾಜಾಗಳನ್ನು ನೋಡಿದಳು. ಆ ಕೈ ಯಾರದೆಂದು ಅವಳಿಗೂ ಗೊತ್ತು, ಅವಳ ಈದ್ ಬಟ್ಟೆಗಳಿಗೆಲ್ಲ ಅದೇ ಕೈ. ನೀಲಿ ಉತ್ತರದವರದು, ನಾನು ಪೆರೇಡ್ ಎಂದುಕೊಂಡದ್ದು ದಕ್ಷಿಣದವರ ಸೈನ್ಯದ ಕೋಟು, ಮನುಷ್ಯರನ್ನು ಕೊಂಡು ಮಾರುವ ಹಕ್ಕು ಉಳಿಯಲಿ ಎಂದು ಹೊಡೆದಾಡಿದವರ ಕೋಟು ಎಂದು ಬಿಡಿಸಿ ಹೇಳಿದಳು. ಪೀಟರ್ಸ್‌ಬರ್ಗ್‌ನ ಆ ಹಳ್ಳದ ಕಥೆಯ ಉಳಿದರ್ಧವನ್ನೂ ಹೇಳಿದಳು. ಸುರಂಗ ಸಿಡಿದ ಮೇಲೆ ಮುಂದೆ ನುಗ್ಗಲು ಉತ್ತರದವರು ಕರಿಯ ಸೈನಿಕರಿಗೆ ತರಬೇತಿ ಕೊಟ್ಟಿದ್ದರಂತೆ. ಹಿಂದಿನ ದಿನ ಮೀಡ್ ಎಂಬ ಜನರಲ್ ಬೇಡವೆಂದ, ಅವನ ಮೇಲಿನ ಗ್ರ್ಯಾಂಟ್ ಅದಕ್ಕೆ ಒಪ್ಪಿದ. ತರಬೇತಿಯಿಲ್ಲದ ಬೇರೆ ದಂಡು ನುಗ್ಗಿ ಹಳ್ಳಕ್ಕೆ ಬಿತ್ತು, ಅದರ ದಳಪತಿ ಹಿಂದೆ ಗುಹೆಯಲ್ಲಿ ರಮ್ ಕುಡಿಯುತ್ತ ಕೂತಿದ್ದ. ಕೆಲಸ ಕೆಟ್ಟ ಮೇಲೆ ಕರಿಯ ಸೈನಿಕರನ್ನು ಅದರೊಳಗೆ ಅಟ್ಟಿದರು. ಬೂದಿ ಕೋಟಿನವರು ಮೇಲಿನಿಂದ ಬಂದು, ಕೈ ಎತ್ತಿ ಶರಣಾದವರನ್ನೂ ಬಿಡದೆ ಕೊಂದರು. ಆ ಪ್ರತಿದಾಳಿಯ ಮುಂದಾಳಿನ ಕೋಟು ನಮ್ಮ ಬೊಂಬೆಯ ಮೇಲಿತ್ತು. ಅವನ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ.

ನಾನು ಮೊದಲು ಬೈದದ್ದು ಸನಾಳನ್ನೇ. ಇಷ್ಟು ದಿನ ಎಲ್ಲಿ ಸತ್ತಿದ್ದೆ, ಮೊದಲೇ ಹೇಳುವುದಕ್ಕೆ ಏನಾಗಿತ್ತು ಎಂದು. ಅವಳು ಅಂಗಡಿಗೆ ಬಂದದ್ದೇ ಅವತ್ತು. ಕೈಲಾಗದವಳು ಮೈ ಪರಚಿಕೊಂಡಂತೆ ಅಷ್ಟೇ.

ಮಂಗಳವಾರ ಮಿಸ್ ರೂತ್ ಬಂದರು. ಆರು ಕಾಜಾ ಮುಗಿದಿತ್ತು, ಎರಡು ಬಾಕಿ. ನಾನು ಕೋಟನ್ನು ಅವರ ಕೈಗೆ ಕೊಡದೆ ನಿಂತೆ. ಇದು ಏನು ಅಂತ ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತು ಎಂದರು. ಅವರ ಮುತ್ತಜ್ಜನ ತಂದೆ ಐಸಾಕ್ ಇದೇ ನ್ಯೂಜೆರ್ಸಿಯಿಂದ ಹೋಗಿ, ಫಿಲಡೆಲ್ಫಿಯಾ ಹತ್ತಿರದ ಶಿಬಿರದಲ್ಲಿ ನೀಲಿ ಕೋಟು ತೊಟ್ಟು, ಆ ಹಳ್ಳದಲ್ಲಿ ಸತ್ತವನು. ಮನೆಯ ಬೈಬಲ್‌ನಲ್ಲಿ ಹೆಸರು ಇದೆ, ಗೋರಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ನನ್ನ ದನಿ ಏರಿತು. ಅವರ ದನಿ ಏರಲಿಲ್ಲ. ಅವರು ಆಡಿದ್ದು ಇಂಗ್ಲಿಷಿನಲ್ಲಿ, ನನ್ನೊಳಗೆ ಉಳಿದದ್ದು ಹೀಗೆ:

"ನಿನಗೆ ಗೊತ್ತಿದೆ, ಗೊತ್ತಿದ್ದೂ ಕೊಟ್ಟಿದ್ದೀಯ ಅಂದುಕೊಂಡೆ. ಬರೀ ಬಟ್ಟೆ ಅಂತ ತೀರ್ಮಾನ ಮಾಡಿದ್ದೀಯ ಅಂದುಕೊಂಡೆ."

ನನಗೆ ಗೊತ್ತಿರಲಿಲ್ಲ, ಅಲ್ಲಾನಾಣೆ ಗೊತ್ತಿರಲಿಲ್ಲ ಎಂದೆ.

"ಆ ಹಾರ್ಲನ್ ಕೇಳಲಿಲ್ಲ, ಸರಿ, ಅವನು ಗಿರಾಕಿ. ನೀನು ಹನ್ನೊಂದು ವರ್ಷ ನನ್ನ ಪಕ್ಕ ಕೂತಿದ್ದೀಯ. ನನ್ನ ಜನ ಯಾರು, ಎಲ್ಲಿಂದ ಬಂದವರು ಅಂತ ಒಂದು ದಿನ ಕೇಳಿದ್ದೀಯಾ?"

ಇಲ್ಲ, ಕೇಳಿರಲಿಲ್ಲ. ಈ ದೇಶಕ್ಕೆ ಬಂದಾಗಿನಿಂದ ಸಿಕ್ಕ ಸಿಕ್ಕವರೆಲ್ಲ 'ನಿಜವಾಗಿ ನೀನು ಎಲ್ಲಿಯವಳು' ಎಂದು ಕೇಳಿ ಕೇಳಿ ನನ್ನ ಜೀವ ಹಿಂಡಿದ್ದರು. ಯಾರನ್ನೂ ಹಾಗೆ ಕೇಳಬಾರದು, ಅದೇ ಮರ್ಯಾದೆ ಎಂದು ನಾನು ನಂಬಿದ್ದೆ. ನನ್ನ ಊರು, ನನ್ನ ಅಬ್ಬಾ, ನನ್ನ ಬಿರಿಯಾನಿ ಎಂದು ಅವರ ಕಿವಿ ತೂತು ಮಾಡಿದ್ದೆ. ಅವರ ಕಡೆಯಿಂದ ಒಂದು ಹೆಸರನ್ನೂ ಕೇಳಿ ತಿಳಿದುಕೊಂಡಿರಲಿಲ್ಲ. ಆ 'ಆಂಟಿ' ಮಾತಿಗೆ ಅವರು ಸೂಜಿ ಕೆಳಗಿಟ್ಟದ್ದು ಯಾಕೆ ಎಂದು ಅವತ್ತೇ ಅವರ ಬಾಯಿಂದ ತಿಳಿಯಿತು. ಹಿಂದೆ ಬಿಳಿಯರು ಕರಿಯ ಹೆಂಗಸರನ್ನು ಮಿಸ್, ಮಿಸೆಸ್ ಎಂದು ಗೌರವದಿಂದ ಕರೆಯುವುದನ್ನು ತಪ್ಪಿಸಿಕೊಳ್ಳಲು ಬಳಸುತ್ತಿದ್ದ ಮಾತಂತೆ ಅದು.

ಅವರು ಕೋಟು ತೆಗೆದುಕೊಂಡು ಕುರ್ಚಿಯಲ್ಲಿ ಕೂತರು. ಬೇಡ ಎಂದು ಕೈ ಹಿಡಿದೆ. ಕೈ ಬಿಡಿಸಿಕೊಂಡು, ಅರ್ಧಕ್ಕೆ ಬಿಟ್ಟ ಕೆಲಸ ನನ್ನ ಹೆಸರಿನಲ್ಲಿ ಇರಬಾರದು ಎಂದರು. ಉಳಿದ ಎರಡನ್ನೂ ಒಂದೇ ಬೈಠಕ್ಕಿನಲ್ಲಿ ಮುಗಿಸಿದರು. ಮಧ್ಯಾಹ್ನ ಗುಡುಗು ಮಳೆ ಬಂದು ನಿಂತಿತು. ಅವರು ಎದ್ದು, ನಮ್ಮ ಡ್ರಾಯರ್‌ನಲ್ಲಿ ಹನ್ನೊಂದು ವರ್ಷ ಇದ್ದ, ಸೂಜಿ ಚುಚ್ಚದಂತೆ ತೊಡುವ ತಮ್ಮ ಬೆರಳಿನ ಟೋಪಿಯನ್ನು ತೆಗೆದು ಪರ್ಸಿಗೆ ಹಾಕಿಕೊಂಡರು. ಗುರುವಾರ ಬರಲಿಲ್ಲ.

ಶುಕ್ರವಾರ ಹಾರ್ಲನ್ ಬಂದರು, ಕೈಯಲ್ಲಿ ಮನೆಯಲ್ಲೇ ಮಾಡಿದ ಕುಕಿ ಡಬ್ಬಿ. ಕೋಟನ್ನು ಕನ್ನಡಕ ಏರಿಸಿ ನೋಡಿದರು. ಒಂದೊಂದು ಕಾಜಾವನ್ನೂ ಉಗುರಿನಿಂದ ಮುಟ್ಟಿ ಹೊಲಿಗೆ ಎಣಿಸಿದರು. ಮುಖ ಅರಳಿತು.

"ಮ್ಯಾಮ್, ಅಂದು ಹೇಗಿತ್ತೋ ಹಾಗೇ ಇದೆ. ಒಂದು ಎಳೆ ಆಚೀಚೆ ಇಲ್ಲ."

 ಅವರು ಹೇಳಿದ್ದು ನಿಜ. ಅಂದು ಇಂಥ ಕೋಟುಗಳನ್ನು ಎಷ್ಟೋ ಮನೆಗಳಲ್ಲಿ ಹೊಲಿದವರು ಯಾರು? ಬೇಡ ಅನ್ನಲು ಬಾಯಿಲ್ಲದೆ ಕಿಟಕಿ ಪಕ್ಕ ಕೂತ ಕರಿಯ ಹೆಂಗಸರು. ಯಾರ ಕೋಟು ಎಂದು ಹೇಳಿ ಅವರ ಒಪ್ಪಿಗೆ ಕೇಳಿದವರಿಲ್ಲ. ಹಾರ್ಲನ್ ಬಯಲಿನಲ್ಲಿ ಆಡಬೇಕೆಂದಿದ್ದ ಆಟವನ್ನು ನಾನು ನನ್ನ ಅಂಗಡಿಯಲ್ಲೇ, ಸೆಕೆಯಲ್ಲಿ ಕೂರಿಸಿ, ಒಂದು ಎಳೆ ಆಚೀಚೆ ಆಗದಂತೆ ಆಡಿಸಿ ಮುಗಿಸಿದ್ದೆ.

ಕೋಟು ಕೊಡುವುದಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕಾಜಾ ಹಾಕಿದವರ ಮುತ್ತಜ್ಜನ ತಂದೆ ಆ ಹಳ್ಳದಲ್ಲಿ ಸತ್ತವನು ಎಂದೆ. ಮುಖ ಬಿಳಿಚಿತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಮರುಕ್ಷಣ ಅದೇ ಮೆತ್ತನೆಯ ದನಿಯಲ್ಲಿ, ತಮ್ಮ ಹಿರಿಯರೂ ನೀಲಿ ಕಡೆಯವರೇ, ಬೂದಿ ಕಡೆಗೆ ಜನ ಸಾಲದು, ಅದಕ್ಕೇ ಹಾಕಿಕೊಳ್ಳುತ್ತೇವೆ, ಆಟಕ್ಕೆ ಎರಡು ಕಡೆ ಬೇಕಲ್ಲ, ಎರಡು ಕಡೆಯೂ ಧೀರರೇ ಎಂದರು. ಹಳ್ಳದೊಳಗೆ ಶರಣಾದವರ ವೇಷ ಯಾರು ಹಾಕುತ್ತಾರೆ ಎಂದು ಕೇಳಿದೆ. ಆ ಭಾಗ ಆಡುವುದಿಲ್ಲ, ಮಕ್ಕಳೂ ನೋಡಲು ಬರುತ್ತಾರೆ ಎಂದರು. ಹೊಲಿಗೆ ಎಣಿಸುತ್ತೀರಿ, ಹೆಣ ಎಣಿಸುವುದಿಲ್ಲ ಎಂದೆ. ಅಡ್ವಾನ್ಸ್ ವಾಪಸ್ ಕೊಟ್ಟು, ಕುಕಿ ಡಬ್ಬಿಯನ್ನೂ ಕೊಟ್ಟು ಬಾಗಿಲು ತೆರೆದೆ. ಸೆಪ್ಟೆಂಬರ್‌ನಲ್ಲಿ ಬೇರೆಲ್ಲೋ ತಂದ ಕೋಟು ತೊಟ್ಟು ಅವರು ಪ್ರತಿದಾಳಿ ಮಾಡಿದರಂತೆ. ನಾನು ಒಂದು ಕೋಟು ತಡೆದದ್ದರಿಂದ ಯಾವ ಯುದ್ಧವೂ ನಿಲ್ಲಲಿಲ್ಲ.

ಆ ಬೇಸಿಗೆ ಉಳಿದ ದಿನಗಳಲ್ಲಿ ನಾನು ಸನಾಳ ಪುಸ್ತಕ ಓದಿದೆ. ಯುದ್ಧ ಮುಗಿದ ದಿನ ಸೋತ ದಕ್ಷಿಣದ ಸೇನಾಪತಿ ಲೀ ಹೊಸ ಕೋಟು ತೊಟ್ಟು ಕತ್ತಿ ಕಟ್ಟಿಕೊಂಡು ಬಂದನಂತೆ, ಗೆದ್ದ ಗ್ರ್ಯಾಂಟ್ ಕೆಸರು ಮೆತ್ತಿದ ಬಟ್ಟೆಯಲ್ಲಿ. ದರ್ಜಿಯಾಗಿ ನನಗೆ ಒಂದು ಮಾತು ತಿಳಿಯಿತು: ಸೋತ ಅನ್ಯಾಯಕ್ಕೇ ಒಳ್ಳೆ ದರ್ಜಿ ಬೇಕು. ನೂರೈವತ್ತು ವರ್ಷದಿಂದ ಅದಕ್ಕೆ ಹೊಲಿಯುವವರು ಸಿಗುತ್ತಲೇ ಇದ್ದಾರೆ, ನನ್ನಂಥವರು.

ಹಾರ್ಲನ್‌ರನ್ನು ಕಳಿಸಿದ ವಾರದ ಭಾನುವಾರವೇ ಕೋಟನ್ನು ಕಾರಿನಲ್ಲಿ ಹಾಕಿಕೊಂಡು ಪ್ಲೇನ್‌ಫೀಲ್ಡ್‌ಗೆ ಡ್ರೈವ್ ಮಾಡಿದೆ. ಹನ್ನೊಂದು ವರ್ಷದಲ್ಲಿ ಅವರ ಮನೆಗೆ ಹೋದದ್ದು ಅದೇ ಮೊದಲು. ಮಿಸ್ ರೂತ್ ಚರ್ಚಿನಿಂದ ಬಂದು ಹಿತ್ತಲಲ್ಲಿ ಟೊಮೆಟೊ ಗಿಡಕ್ಕೆ ನೀರು ಬಿಡುತ್ತಿದ್ದರು. ಮೂಲೆಯಲ್ಲಿ ಗ್ರಿಲ್ ಇತ್ತು. ಇದನ್ನು ಇಲ್ಲೇ ನಿಮ್ಮ ಕಣ್ಣೆದುರೇ ಸುಟ್ಟುಬಿಡುತ್ತೇನೆ ಎಂದೆ. ಅವರು ಖುಷಿಪಡುತ್ತಾರೆ, ನಾನು ಅಳುತ್ತೇನೆ, ಅವರು ಬೆನ್ನು ಸವರುತ್ತಾರೆ ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ.

ಅವರು ಪೈಪು ಕೆಳಗೆ ಹಾಕಿದರು. ಆ ಕಣ್ಣಿನಲ್ಲಿ ಸಿಟ್ಟು ನಾನು ಮೊದಲ ಸಲ ನೋಡಿದ್ದು.

"ನನ್ನ ಕೆಲಸ ಸುಡಕ್ಕೆ ನೀನು ಯಾರು? ನನ್ನ ಜನ್ಮದಲ್ಲಿ ಹಾಕಿದ ಕಾಜಾಗಳಲ್ಲಿ ಈ ಎಂಟೇ ಎಲ್ಲಕ್ಕಿಂತ ಒಳ್ಳೆಯವು. ಪ್ರತಿ ಒಂದಕ್ಕೂ ಐಸಾಕ್‌ನನ್ನ ನೆನೆದು ಹಾಕಿದ್ದೀನಿ. ಸುಟ್ಟರೆ ನಿನ್ನ ಮನಸ್ಸು ಹಗುರ ಆಗುತ್ತೆ, ಅಷ್ಟೇ. ತಗೊಂಡು ಹೋಗು. ನಿನ್ನ ಕಣ್ಣಿಗೆ ಬೀಳೋ ಜಾಗದಲ್ಲಿ ತೂಗುಹಾಕು."

ಮತ್ತೆ ಕೆಲಸಕ್ಕೆ ಬರುತ್ತೀರಾ ಎಂದು ಕೇಳುವ ಧೈರ್ಯ ಕಾರಿನ ಹತ್ತಿರ ಬಂದ ಮೇಲೆ ಬಂತು. ಇಲ್ಲ ಎಂದರು. ಒಂದು ಚೀಲ ಟೊಮೆಟೊ ಕೊಟ್ಟರು. ಮರುವರ್ಷ ಮೇರಿಲ್ಯಾಂಡ್‌ನಲ್ಲಿರುವ ಮಗಳ ಹತ್ತಿರ ಹೋದರು. ಈದ್‌ಗೆ ಅವರು ಫೋನ್ ಮಾಡುತ್ತಾರೆ, ಕ್ರಿಸ್ಮಸ್‌ಗೆ ನಾನು ಮಾಡುತ್ತೇನೆ. ಈಗ ನಾನು ಕೇಳುತ್ತೇನೆ, ಅವರು ಹೇಳುತ್ತಾರೆ: ಐಸಾಕ್, ಅವನ ಹೆಂಡತಿ ಹ್ಯಾನಾ, ಅವಳ ತಾಯಿ. ತಡವಾಗಿ ಕೇಳಿದ್ದು ತಡವೇ. ಆ ಕುರ್ಚಿಯಲ್ಲಿ ಈಗ ಯಾರೂ ಕೂರುವುದಿಲ್ಲ.

ಕೋಟು ನನ್ನ ಮೆಷಿನ್‌ನ ಎದುರು ಗೋಡೆಯ ಮೇಲಿದೆ. ಗುಂಡಿ ಹಾಕಿಲ್ಲ. ಎಂಟು ಕಾಜಾ ಎಂಟು ಕಣ್ಣಿನ ಹಾಗೆ ತೆರೆದುಕೊಂಡಿವೆ.

ಹೋದ ವಾರದ ಗಿರಾಕಿ, ಆ ನೀಲಿ ಕೋಟಿನವನು, ಇಸ್ತ್ರಿ ಆಗುವವರೆಗೆ ನಿಂತಿದ್ದವನು ಅದನ್ನು ನೋಡಿದ. ಹತ್ತಿರ ಹೋಗಿ ಕನ್ನಡಕ ಏರಿಸಿ ಎಣಿಸತೊಡಗಿದ. ಅವನೂ ಅದೇ ಜಾತಿ. ಇದು ಯಾವ ಜನರಲ್‌ನದು ಎಂದು ಕೇಳಿ, ಜೇಬಿನಿಂದ ಪುಟ್ಟ ಪುಸ್ತಕ ತೆಗೆದ. ಅದರ ತುಂಬ ಜನರಲ್‌ಗಳ ಹೆಸರು, ಕದನಗಳ ಹೆಸರು, ಗುಂಡಿಗಳ ಲೆಕ್ಕ. ನಾನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ.

ಜನರಲ್‌ನ ಹೆಸರು ನಿನ್ನ ಪುಸ್ತಕದಲ್ಲಿ ಆಗಲೇ ಇರುತ್ತದೆ, ಇಲ್ಲದ್ದು ಬರೆದುಕೋ ಎಂದೆ. ರೂತ್ ಆನ್ ಟಾಲಿವರ್, ಪ್ಲೇನ್‌ಫೀಲ್ಡ್. ಐಸಾಕ್ ಟಾಲಿವರ್, ಪೀಟರ್ಸ್‌ಬರ್ಗ್‌ನ ಹಳ್ಳ. ಅವನು ನಗುತ್ತ ನನ್ನ ಮುಖ ನೋಡಿದ, ಆಮೇಲೆ ನಗು ನಿಲ್ಲಿಸಿ ಬರೆದ. ಪುಸ್ತಕ ಇಸಿದುಕೊಂಡು ನೋಡಿದೆ. ಎರಡೂ ಹೆಸರು ಸರಿಯಾಗಿದ್ದವು. ಆಮೇಲೆ ಅವನ ಕೋಟಿನ ಎರಡನೇ ತೋಳಿಗೆ ಇಸ್ತ್ರಿ ಹಾಕಿದೆ.